ಒಂದು ಬೆರಳಿನ ಗೇಟು

ಕೋಳಿ ಆ ದಿನ ಕಾರಿನಿಂದ ಇಳಿಯದೆ ಇದ್ದಿದ್ದರೆ ಇದೊಂದೂ ಆಗುತ್ತಿರಲಿಲ್ಲ.

ಇಳಿಯಿತು. ಒಂಟಿಯಾಗಿ ಇಳಿದಿದ್ದರೂ ಹೇಗೋ ಮುಚ್ಚಿಹಾಕಬಹುದಿತ್ತು. ಹನ್ನೊಂದು ಮರಿಗಳ ಸಮೇತ ಇಳಿಯಿತು. ನಕುರು ಊರಿನಲ್ಲಿ ಅತಿ ಅಚ್ಚುಕಟ್ಟಾದ ಬಡಾವಣೆ ಯಾವುದೆಂದು ಆರಿಸಲು ಬಂದಿದ್ದ ಮೂವರು ತೀರ್ಪುಗಾರರು ತುಮೈನಿ ಬಡಾವಣೆಯ ಹದಿನೇಳನೇ ಮನೆಯ ಮುಂದೆ ನಿಂತು 'ಹೂಗಿಡಗಳು ಚೆನ್ನಾಗಿವೆ' ಎಂದು ಬರೆದುಕೊಳ್ಳುತ್ತಿದ್ದರು. ಅದೇ ಹೊತ್ತಿಗೆ ಕಿರಗು ಮೇಷ್ಟ್ರ ಗ್ಯಾರೇಜಿನಲ್ಲಿದ್ದ ಹಳೆಯ ಪ್ಯೂಜೊ ಕಾರಿನ ಹಿಂಬಾಗಿಲಿನಿಂದ ಕೋಳಿ ಮೊದಲು ಕತ್ತು ಹೊರಗೆ ಹಾಕಿತು. ಆಮೇಲೆ ಮದುಮಗಳ ಅತ್ತೆಯ ಗತ್ತಿನಲ್ಲಿ ಕೆಳಗಿಳಿದು, ಹಿಂದೆ ಸಾಲಾಗಿ ಮರಿಗಳನ್ನು ಕಟ್ಟಿಕೊಂಡು, ತೀರ್ಪುಗಾರರ ಬೂಟುಗಳ ನಡುವೆ ಹಾದು ಹೋಯಿತು. ಕೊನೆಯ ಮರಿ ಒಂದು ಗಳಿಗೆ ನಿಂತು, ಒಬ್ಬರ ಬೂಟಿನ ಮೇಲೆ ತನ್ನ ಅಭಿಪ್ರಾಯ ಬಿಟ್ಟು ಹೋಯಿತು.

ಬಹುಮಾನ ಪಕ್ಕದ ಬಡಾವಣೆಗೆ ಹೋಯಿತು.

ಬಡಾವಣೆ ಸಂಘದ ಅಧ್ಯಕ್ಷೆ ಜೆಬೆಟ್ ಮೇಡಂ ಹದಿನೆಂಟನೇ ಮನೆಯವರು, ಅಂದರೆ ಮೇಷ್ಟ್ರ ಪಕ್ಕದ ಗೋಡೆಯವರು. ಮೂವತ್ತೆರಡು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾಗಿದ್ದರೂ ರಿಜಿಸ್ಟರು ಮಾತ್ರ ಅವರ ಕಂಕುಳಿನಿಂದ ನಿವೃತ್ತವಾಗಿರಲಿಲ್ಲ. ಯಾವುದೇ ಸಂಗತಿ ನಡೆಯಲಿ, ಗಂಟೆ ನಿಮಿಷ ಹಾಕಿ ಅದರಲ್ಲಿ ಬರೆಯುವವರೆಗೆ ಅದು ನಡೆದಂತೆಯೇ ಅಲ್ಲ. ಮರುದಿನ ಬೆಳಿಗ್ಗೆ ಮೇಷ್ಟ್ರ ಕೈಗೆ ನೋಟೀಸು ಬಂತು:

'ಆರು ತಿಂಗಳಿಂದ ಚಲಿಸದ ವಾಹನವನ್ನು ಗುಜರಿ ಎಂದು ಪರಿಗಣಿಸಲಾಗುವುದು. ಇದೇ ಶುಕ್ರವಾರ ಸಂಜೆ ಐದು ಗಂಟೆಯೊಳಗೆ ಸದರಿ ವಾಹನವು ಸ್ವಂತ ಎಂಜಿನ್ನಿನ ಬಲದಿಂದ ಬಡಾವಣೆಯ ಗೇಟು ದಾಟತಕ್ಕದ್ದು. ತಪ್ಪಿದಲ್ಲಿ ಎಳೆಯುವ ಲಾರಿ ಕರೆಸಿ ಗುಜರಿ ಅಂಗಳಕ್ಕೆ ಸಾಗಿಸಲಾಗುವುದು.'

ಮೇಷ್ಟ್ರು ಕನ್ನಡಕ ಏರಿಸಿ ಎರಡು ಸಲ ಓದಿದರು. ಕೆಂಪು ಪೆನ್ನು ತೆಗೆದು 'ಗುಜರಿ' ಎಂಬ ಮಾತಿನ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ 'ತಪ್ಪು ಉತ್ತರ' ಎಂದು ಬರೆದು ವಾಪಸು ಕಳಿಸಿದರು.

ಸಿಟ್ಟಿಗೆ ಕಾರಣವಿತ್ತು. ಮೇಷ್ಟ್ರು ಮೂವತ್ತು ವರ್ಷ ತಾಂತ್ರಿಕ ಶಾಲೆಯಲ್ಲಿ ಮೋಟಾರು ರಿಪೇರಿ ಕಲಿಸಿದವರು. ನಕುರಿನ ಅರ್ಧ ಮೆಕ್ಯಾನಿಕ್ಕುಗಳು ಅವರ ಕೈಯಲ್ಲಿ ಸ್ಪ್ಯಾನರಿನ ಏಟು ತಿಂದು ಬೆಳೆದವರು. ಪ್ರತಿ ವರ್ಷದ ಮೊದಲ ಪಾಠ ಒಂದೇ: "ಯಂತ್ರ ಅನ್ನೋದು ಸಾಯಲ್ಲ ಕಣ್ರೋ. ಮನುಷ್ಯ ಬೇಜಾರಾಗಿ ಕೈ ಬಿಡ್ತಾನೆ, ಅಷ್ಟೆ." ನಿವೃತ್ತಿಯಾದ ವಾರವೇ, ಈ ಮಾತನ್ನು ಜೀವಂತ ತೋರಿಸುತ್ತೇನೆಂದು ಎಪ್ಪತ್ನಾಲ್ಕನೇ ಇಸವಿಯ ಈ ಪ್ಯೂಜೊ ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದ್ದರು. ಆರು ತಿಂಗಳ ಕೆಲಸ ಅಂದುಕೊಂಡಿದ್ದರು. ಈಗ ಎಂಟನೇ ವರ್ಷ. ಹಳೆಯ ವಿದ್ಯಾರ್ಥಿಗಳು ದಾರಿಯಲ್ಲಿ ಸಿಕ್ಕರೆ ನಮಸ್ಕಾರದ ಜೊತೆಗೇ ಕೇಳುತ್ತಿದ್ದರು: "ಓಡ್ತಾ ಮೇಷ್ಟ್ರೇ?" ಇನ್ನು ಅದು ಲಾರಿಯ ಹಿಂದೆ ನೇತಾಡಿಕೊಂಡು ಗುಜರಿಗೆ ಹೋಗುವುದನ್ನು ಊರು ನೋಡಿದರೆ ಮೂವತ್ತು ವರ್ಷದ ಪಾಠವೂ ಅದರ ಹಿಂದೆಯೇ ಹೋಯಿತು.

ಗುರುವಾರ ಸಂಜೆ ಸಂಘದ ಸಭೆಯಲ್ಲಿ ಮೇಷ್ಟ್ರು ಎದ್ದು ನಿಂತರು.

"ನನ್ನ ಗ್ಯಾರೇಜನ್ನ ಕೊಳಕು ಅಂತೀರಲ್ಲ, ಆ ಗೇಟು ನೋಡಿ! ಎರಡು ವರ್ಷದ ಹಿಂದೆ ಅದನ್ನ ತಳ್ಳೋಕೆ ನಾಲ್ಕು ಜನ ಬೇಕಿತ್ತು. ಈಗ ಒಂದು ಬೆರಳು ಸಾಕು. ಯಾರಿಂದ? ನನ್ನ ಗ್ಯಾರೇಜಿಂದ!"

"ಇದನ್ನ ಪ್ರತಿ ತಿಂಗಳೂ ಹೇಳ್ತೀರಿ," ಎಂದರು ಜೆಬೆಟ್ ಮೇಡಂ ಪುಟ ತಿರುಗಿಸುತ್ತ. "ಇಪ್ಪತ್ನಾಲ್ಕು ಸಲ ಬರೆದ್ಕೊಂಡಿದ್ದೀನಿ. ನಾಳೆ ಐದು ಗಂಟೆ."

"ಐದಕ್ಕೆ ಗೇಟು ತೆಗೆದಿಡಿ. ನಾನು ಬರ್ತೀನಿ."

ಮೇಡಮ್ಮಿಗೆ ಆ ಮಾತಿನಲ್ಲಿ ಏನೋ ವಾಸನೆ ಹೊಡೆಯಿತು. ಗೇಟಿನಿಂದಾಚೆ ಇಳಿಜಾರು. ಮೇಷ್ಟ್ರು ನಾಲ್ಕು ಜನ ಹಳೇ ವಿದ್ಯಾರ್ಥಿಗಳನ್ನು ಕರೆಸಿ, ಕಾರನ್ನು ತಳ್ಳಿ ದಾಟಿಸಿ, 'ಓಡಿತು' ಅಂದುಬಿಟ್ಟರೆ? ಅವರು ಕಾವಲುಗಾರ ಮಕೋಖನನ್ನು ಕರೆದು ಅಪ್ಪಣೆ ಕೊಟ್ಟರು: "ನಾಳೆ ಕೆಲಸಕ್ಕೆ ಹೋಗೋರೆಲ್ಲ ಹೋದ್ಮೇಲೆ ದೊಡ್ಡ ಗೇಟು ಮುಚ್ಚು. ಐದು ಗಂಟೆವರೆಗೆ ಯಾರು ಬಂದು ಕೇಳಿದ್ರೂ ತೆಗೀಬೇಡ. ನಡೆಯೋರು ಚಿಕ್ಕ ಬಾಗಿಲಲ್ಲಿ ಓಡಾಡ್ಲಿ."

ಮಕೋಖ ಅಪ್ಪಣೆಯನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವ ಮನುಷ್ಯ. ಒಮ್ಮೆ 'ಈ ಕುರ್ಚಿ ಬಿಟ್ಟು ಏಳಬೇಡ' ಅಂದಿದ್ದಕ್ಕೆ ಕುರ್ಚಿಯನ್ನು ಹಿಂದಕ್ಕೆ ಅಂಟಿಸಿಕೊಂಡೇ ಕಳ್ಳನನ್ನು ಅಟ್ಟಿಸಿಕೊಂಡು ಹೋದವನು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಮೇಷ್ಟ್ರು ನೀಲಿ ಕೋಟು ತೊಟ್ಟು ಕಾರಿನ ಮುಂದೆ ನಿಂತರು. ಹಿಂದಿನ ಸೀಟಿನಿಂದ ಯಾರೋ ಗುರ್ ಎಂದರು. ನೋಡಿದರೆ ಇನ್ನೊಂದು ಕೋಳಿ. ಅಕ್ಕ ಬಾಣಂತನ ಮುಗಿಸಿ ಖಾಲಿ ಮಾಡಿದ ಜಾಗಕ್ಕೆ ತಂಗಿ ಬಂದು ಒಂಬತ್ತು ಮೊಟ್ಟೆಗಳ ಮೇಲೆ ಕುಳಿತಿತ್ತು.

"ಮಾಮಾ ನ್ಯೊಕಾಬಿ! ನಿನ್ನ ಕೋಳೀನ ಇಳಿಸು!"

ನ್ಯೊಕಾಬಿ ಅವರ ಮಗಳು, ಎಲ್ಡೊರೆಟ್ಟಿಗೆ ಮದುವೆಯಾಗಿ ಹೋದವಳು. ಆ ಕಡೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ಮಗುವಿನ ಹೆಸರು ಹಿಡಿದೇ ಕರೆಯುವುದು: ಮಾಮಾ ಅಂದರೆ ಅಮ್ಮ, ಬಾಬಾ ಅಂದರೆ ಅಪ್ಪ. ಅವಳ ತಾಯಿ ವಂಗುಯಿ ಅಡಿಗೆಮನೆಯ ಕಿಟಕಿಯಿಂದಲೇ ಉತ್ತರ ಕೊಟ್ಟರು. "ಕಾವಿಗೆ ಕೂತಿರೋಳನ್ನ ಎಬ್ಬಿಸಬಾರದು ಬಾಬಾ ನ್ಯೊಕಾಬಿ. ಎಂಟು ವರ್ಷದಿಂದ ಆ ಕಾರಲ್ಲಿ ಏನಾದ್ರೂ ಕೆಲಸ ಮಾಡಿರೋರು ಅಂದ್ರೆ ಅವರಿಬ್ಬರೇ."

ಮೇಷ್ಟ್ರು ಕೋಳಿಯ ತಂಟೆಗೆ ಹೋಗಲಿಲ್ಲ. ಕೀಲಿ ತಿರುಗಿಸಿದರು. ಎಂಜಿನ್ನು ಮುದುಕನೊಬ್ಬ ಕೆಮ್ಮಿ ಮಗ್ಗಲು ಬದಲಿಸಿದಂತೆ ಒಂದು ಸದ್ದು ಮಾಡಿ ಸುಮ್ಮನಾಯಿತು.

ಕಾರ್ಬುರೇಟರ್ ಬಿಚ್ಚಿ ಒಳಗೆ ತಂದು ಊಟದ ಮೇಜಿನ ಮೇಲೆ ಇಟ್ಟರು. ಮೇಜಿನ ಮೇಲೆ ವಂಗುಯಿಯವರ ಬಿಳಿ ಕ್ರೋಶಾ ಬಟ್ಟೆ. ಆ ಮನೆಯಲ್ಲಿ ಸೋಫಾಕ್ಕೆ, ರೇಡಿಯೋಕ್ಕೆ, ನೀರಿನ ಹೂಜಿಗೆ ಎಲ್ಲಕ್ಕೂ ಕ್ರೋಶಾ ಹೊದಿಕೆ ಇತ್ತು. ಇಲ್ಲದವರು ಗಂಡ ಒಬ್ಬರೇ. ಮೇಷ್ಟ್ರದೂ ಒಂದು ಗುರುತಿತ್ತು. ವಿದ್ಯಾರ್ಥಿಗಳು ಸಾಮಾನು ಹೊತ್ತೊಯ್ಯದಿರಲೆಂದು ಶಾಲೆಯಲ್ಲಿ ಎಲ್ಲದರ ಮೇಲೂ ಉಳಿಯಿಂದ ಮೂರು ಚುಕ್ಕೆ ಹೊಡೆಯುವ ಅಭ್ಯಾಸ. ಅದು ಮನೆಗೂ ಬಂದು, ಸೌಟಿನ ಹಿಡಿಗೆ, ಪಾತ್ರೆಯ ತಳಕ್ಕೆ, ಕೊನೆಗೆ ವಂಗುಯಿಯವರ ಕೈಗಡಿಯಾರದ ಹಿಂಬದಿಗೂ ಮೂರು ಚುಕ್ಕೆ ಬಿದ್ದಿದ್ದವು.

"ಆ ಕಡ್ಡಿ ಕೊಡು ಇಲ್ಲಿ," ಎಂದರು ಮೇಷ್ಟ್ರು. ಪೆಟ್ರೋಲು ಇಳಿಯುವ ಸಣ್ಣ ತೂತು ಕಟ್ಟಿಕೊಂಡಿತ್ತು.

"ಇದು ಕ್ರೋಶಾ ಕಡ್ಡಿ. ನ್ಯೊಕಾಬಿ ಮಗೂಗೆ ಟೋಪಿ ಹಾಕ್ತಿದೀನಿ."

"ಮಗೂಗೆ ಆಮೇಲೆ ಹಾಕು. ಸದ್ಯಕ್ಕೆ ಜೆಬೆಟ್ ನಮಗೆ ಹಾಕ್ತಿದಾಳೆ."

ವಂಗುಯಿ ನಕ್ಕು ಕಡ್ಡಿ ಕೊಟ್ಟರು. ತೂತು ತೆರೆಯಿತು. ಬಿಳಿ ಬಟ್ಟೆಯ ಮೇಲೆ ವಿಕ್ಟೋರಿಯಾ ಸರೋವರದ ನಕ್ಷೆಯೊಂದು ಕಪ್ಪಗೆ ಮೂಡಿತು. ಅವರು ಅದನ್ನು ಆಗ ನೋಡಲಿಲ್ಲ, ದೇವರು ದೊಡ್ಡವನು.

ಗ್ಯಾರೇಜಿಗೆ ಮರಳುವ ಹೊತ್ತಿಗೆ ಎದುರು ಮನೆಯ ಕಿಮಾನಿ ಬಂದು ನಿಂತಿದ್ದ. ವಿಮೆ ಮಾರುವವನು, ಕೆಲಸವೆಲ್ಲ ಫೋನಿನಲ್ಲೇ, ಜ್ಞಾನವೂ ಫೋನಿನದೇ. ಗುಂಡಿ ಒತ್ತಿದರೆ ಓಡುವ ಹೊಸ ಕಾರು ಇಟ್ಟಿದ್ದ.

"ಅಂಕಲ್, ವಿಡಿಯೋದಲ್ಲಿ ನೋಡಿದೆ, ಮೊದಲು ಕಂಪ್ಯೂಟರ್ ಸಿಕ್ಕಿಸಿ ಸ್ಕ್ಯಾನ್ ಮಾಡ್ಬೇಕಂತೆ."

"ಈ ಕಾರು ಹುಟ್ಟಿದಾಗ ಕಂಪ್ಯೂಟರ್ ಇಡೋಕೆ ಒಂದು ಬಂಗಲೆ ಬೇಕಿತ್ತು ಕಣಪ್ಪ. ನಿನ್ನ ಜ್ಞಾನ ಜೇಬಲ್ಲಿರಲಿ, ಬ್ಯಾಟರಿ ಈ ಕಡೆ ತಾ."

ಕಿಮಾನಿಯ ಕಾರನ್ನು ಪಕ್ಕಕ್ಕೆ ತಂದು ಎರಡರ ಬ್ಯಾಟರಿಗೂ ತಂತಿ ಬೆಸೆದರು. ಮೊದಲ ಸಲ ಕೀಲಿ ತಿರುಗಿಸಿದಾಗ ಕಿಮಾನಿಯ ಕಾರಿನ ಸೈರನ್ನು ಕೂಗಿತು. ಎರಡನೇ ಸಲ ಅದರ ದೀಪ, ವೈಪರು, ಹಾಡು ಎಲ್ಲ ಒಟ್ಟಿಗೇ ಶುರುವಾಗಿ ಅದು ಮೈಮೇಲೆ ಬಂದವರಂತೆ ನಡುಗಿತು. ಮೂರನೇ ಸಲ ಪ್ಯೂಜೊ ಎದ್ದಿತು. ಎಂಟು ವರ್ಷದ ಹೊಗೆಯನ್ನು ಒಂದೇ ಉಸಿರಿಗೆ ಹೊರಹಾಕಿ, ಗಡಗಡನೆ ನಡುಗಿ, ಆಮೇಲೆ ಮೆಲ್ಲಗೆ ಒಂದೇ ಹದಕ್ಕೆ ಬಂದು ಗುನುಗತೊಡಗಿತು.

ಮೇಷ್ಟ್ರ ಕಣ್ಣು ತುಂಬಿತು. ಹೊಗೆಯೂ ಇತ್ತು ಅನ್ನಿ.

ಹೊಗೆ ಗೋಡೆ ಹಾರಿ ಹದಿನೆಂಟನೇ ಮನೆಗೆ ಹೋಯಿತು. ಅಲ್ಲಿ ತಂತಿಯ ಮೇಲೆ ಆರು ಬಿಳಿ ಹಾಸಿಗೆ ಬಟ್ಟೆಗಳು ಒಣಗುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಗೋಡೆಯ ಮೇಲೆ ಜೆಬೆಟ್ ಮೇಡಮ್ಮಿನ ತಲೆ ಮೂಡಿತು, ಪಕ್ಕದಲ್ಲೇ ರಿಜಿಸ್ಟರು.

"ಹನ್ನೊಂದು ಹತ್ತು. ಹೊಗೆ," ಎಂದು ಓದಿಕೊಳ್ಳುತ್ತ ಬರೆದರು. "ಹಾಸಿಗೆ ಬಟ್ಟೆ, ಆರು."

"ಎಂಜಿನ್ ಓಡ್ತು ಅಂತಾನೂ ಬರೀರಿ!"

"ಗೇಟು ದಾಟ್ಲಿ. ಬರೀತೀನಿ."

ತಲೆ ಮುಳುಗಿತು.

ಮೇಷ್ಟ್ರು ಗೇರು ಹಾಕಿ ಕಾರನ್ನು ಮೊಳದಷ್ಟು ಮುಂದಕ್ಕೆ ಬಿಟ್ಟರು. ಎಡಗಡೆಯ ಮುಂದಿನ ಚಕ್ರ ಹಲ್ಲು ಕೀಳಿಸಿಕೊಳ್ಳುವ ಒಂಟೆಯಂತೆ ಕಿರುಚಿತು. ಚಕ್ರ ಬಿಚ್ಚಿ ನೋಡಿದರೆ ಒಳಗಿನ ಬೇರಿಂಗು ಪುಡಿಪುಡಿ. ಗುಂಡುಗಳು ಜೋಳದ ಕಾಳಿನಂತೆ ನೆಲಕ್ಕೆ ಉದುರಿದವು.

"ಅಷ್ಟೇ ತಾನೆ? ನನ್ನ ಹತ್ರ ಇನ್ನೊಂದಿದೆ," ಎಂದು ಮೇಷ್ಟ್ರು ಜಾಮಿನ ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕೆ ಸುರಿದರು. ಮೊಳೆ ಇತ್ತು, ಬೋಲ್ಟು ಇತ್ತು, ನ್ಯೊಕಾಬಿಯ ಹಾಲು ಹಲ್ಲೊಂದು ಇತ್ತು, ಬೇರಿಂಗು ಇರಲಿಲ್ಲ. "ಇತ್ತು! ನನ್ನ ಕೈಯಾರೆ ಇಟ್ಟಿದ್ದೆ! ಯಾರೋ ಹೊತ್ಕೊಂಡು ಹೋಗಿದಾರೆ!"

"ಯಾರಿಗೋ ಕೊಟ್ಟು ಮರೆತಿದ್ದೀರೇನೋ," ಎಂದರು ವಂಗುಯಿ.

"ನಾನು ಕೊಡೋನೂ ಅಲ್ಲ, ಮರೆಯೋನೂ ಅಲ್ಲ."

ಬಿಡಿಭಾಗದ ಅಂಗಡಿಗಳಿಗೆ ಫೋನು ಮಾಡಿದರು. ಮೊದಲನೆಯವನು "ಆ ಕಾರಿಗಾ?" ಎಂದು ಕೇಳಿ ಅಂಗಡಿಯಲ್ಲಿದ್ದವರಿಗೆಲ್ಲ ಹೇಳಿ ನಗಿಸಿದ. ಎರಡನೆಯವನು ಹಳೇ ವಿದ್ಯಾರ್ಥಿ. "ಮೇಷ್ಟ್ರೇ, ನಿಮಗೆ ಇಲ್ಲ ಅನ್ನೋಕಾಗುತ್ತಾ? ನೈರೋಬಿಯಿಂದ ತರಿಸ್ತೀನಿ. ಮುಂದಿನ ಬುಧವಾರ ಖಂಡಿತ."

ಗಂಟೆ ಒಂದಾಗಿತ್ತು. ದಿನಾ ಆ ಹೊತ್ತಿಗೆ ಮಕೋಖ ವಂಗುಯಿಯವರ ಕೈಯ ಗಿಥೇರಿ ತಿನ್ನಲು ಬರುತ್ತಿದ್ದ. ಬಟ್ಟಲು ತುಂಬ ಬೆಂದ ಜೋಳ, ಹುರುಳಿಕಾಯಿ ಬೀಜ; ಮೇಲೊಂದು ದೊಡ್ಡ ಲೋಟ ಚಹಾ. ಅವನು ತಿನ್ನುತ್ತ ತಿನ್ನುತ್ತ, ಮೇಷ್ಟ್ರ ಅಂಗೈಯಲ್ಲಿದ್ದ ಮುರಿದ ಬೇರಿಂಗಿನ ಬಳೆಯನ್ನು ಓರೆಗಣ್ಣಿನಿಂದ ನೋಡಿದ.

"ಇಂಥದ್ದು ಇನ್ನೊಂದು ಬೇಕಾ ಮೇಷ್ಟ್ರೇ?"

"ಇಂಥದ್ದೇ. ಇದೇ ಅಳತೆ. ಇವತ್ತೇ."

ಮಕೋಖ ಬಳೆಯನ್ನು ಹೆಬ್ಬೆರಳಿಗೆ ಹಾಕಿ ಅಳೆದು, ಗಡ್ಡ ಕೆರೆದುಕೊಂಡ. "ನಾನು ನೋಡಿದ್ದೀನಿ ಒಂದು."

"ಎಲ್ಲಿ...?" ಎಂದವರು ಅರ್ಧಕ್ಕೇ ಬಾಯಿ ಮುಚ್ಚಿಕೊಂಡರು. "ಬೇಡ! ಹೇಳಬೇಡ!"

ಹಳೇ ಕಾರಿನ ಸಾಮಾನು ಹುಡುಕುವವರಲ್ಲಿ ಒಂದು ಮರ್ಯಾದೆಯಿದೆ: ಎಲ್ಲಿಂದ ಬಂತು ಎಂದು ಕೇಳಬಾರದು. ಬೆಳಿಗ್ಗೆ ನಿಮ್ಮ ಕಾರಿನಿಂದ ಕಳೆದುಹೋದ ಕನ್ನಡಿ ಸಂಜೆ ಅಂಗಡಿಯಲ್ಲಿ ಸಿಕ್ಕರೆ, 'ಅರೆ, ನನ್ನದರ ಹಾಗೇ ಇದೆಯಲ್ಲ' ಎಂದು ಆಶ್ಚರ್ಯಪಟ್ಟು ತರಬೇಕೇ ಹೊರತು ಹೆಚ್ಚು ವಿಚಾರಿಸಬಾರದು. ವಿಚಾರಿಸಿದರೆ ಸಾಮಾನೂ ಮಾಯ, ಅಂಗಡಿಯವನೂ ಮಾಯ.

"ಆದ್ರೆ ಮೇಷ್ಟ್ರೇ, ಅದು ನಿಮ್ದೇ..."

"ತಂದು ಕೊಟ್ಟ ಮೇಲೆ ನಂದೇ. ಹೇಳಬೇಡ ಅಂದ್ನಲ್ಲ! ಹೋಗು, ತಗೊಂಡು ಬಾ!"

"ಜಾಕ್ ಬೇಕಿತ್ತು, ಎತ್ತೋಕೆ."

"ತಗೊಂಡು ಹೋಗು. ಸ್ಪ್ಯಾನರ್ರೂ ತಗೊ. ನನ್ನ ಕಿವಿಗೆ ಮಾತ್ರ ಏನೂ ಹಾಕ್ಬೇಡ."

ಮಕೋಖ ಭುಜ ಕುಣಿಸಿ, ಜಾಕು ಹೆಗಲಿಗೆ ಹಾಕಿಕೊಂಡು ಹೋದ.

ಮೂರು ಗಂಟೆಗೆ ಮರಳಿ ಬಂದ. ಹಳೇ ಪತ್ರಿಕೆಯಲ್ಲಿ ಸುತ್ತಿದ ಪೊಟ್ಟಣ ಬಿಚ್ಚಿದರೆ ಬೇರಿಂಗು, ದಪ್ಪ ಕಪ್ಪು ಗ್ರೀಸಿನಲ್ಲಿ ಅದ್ದಿ ತೆಗೆದಂತಿತ್ತು. ಬೆರಳಿಟ್ಟು ತಿರುಗಿಸಿದರೆ ಬೆಣ್ಣೆಯಲ್ಲಿ ಚಾಕು ಓಡಿದ ಹಾಗೆ ಸದ್ದಿಲ್ಲದೆ ತಿರುಗಿತು.

"ಆಹಾ!" ಮೇಷ್ಟ್ರು ಬೇರಿಂಗನ್ನು ಮೊಮ್ಮಗುವಿನಂತೆ ಎತ್ತಿ ಹಿಡಿದರು. "ನೋಡು ಕಿಮಾನಿ, ಇದಕ್ಕೆ ಅನ್ನೋದು ಬೇರಿಂಗು! ಯಾವನೋ ಪುಣ್ಯಾತ್ಮ ಎಷ್ಟು ಚೆನ್ನಾಗಿ ನೋಡ್ಕೊಂಡಿದಾನೆ! ಕೈಗುಣ ಗೊತ್ತಾಗುತ್ತೆ ನೋಡು!"

"ಅಂಕಲ್, ಮೊದಲು ಒರೆಸಿ ನೋಡ್ಬಾರ್ದಾ?" ಎಂದ ಕಿಮಾನಿ. ಆ ದಿನ ಅವನ ಬಾಯಿಂದ ಬಂದ ಏಕೈಕ ಒಳ್ಳೆಯ ಮಾತು. ಅದೇ ಮಾತು ಮೂವತ್ತು ವರ್ಷ ಮೇಷ್ಟ್ರ ಕಪ್ಪು ಹಲಗೆಯ ಮೇಲೆ ಇತ್ತು: ಒರೆಸು, ನೋಡು, ಆಮೇಲೆ ಹಾಕು. ಒರೆಸದೆ ಹಾಕಿದವನನ್ನು ಅವರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

"ಒರೆಸ್ತಾ ಕೂತ್ರೆ ಐದು ಗಂಟೆ ನಿಲ್ಲುತ್ತಾ? ಪೈಪು ಕೊಡು, ಸುತ್ತಿಗೆ ಕೊಡು."

ಮಕೋಖ ಇನ್ನೂ ಅಲ್ಲೇ ನಿಂತಿದ್ದ. "ಮೇಷ್ಟ್ರೇ, ಗೇಟಿನ ವಿಷಯ ಒಂದು..."

"ಗೇಟಿನ ವಿಷಯ ಐದಕ್ಕೆ! ಹೋಗಿ ನಿನ್ನ ಜಾಗದಲ್ಲಿ ನಿಂತ್ಕೋ!"

ಮಕೋಖ ಹೋಗಿ ತನ್ನ ಜಾಗದಲ್ಲಿ ನಿಂತುಕೊಂಡ.

ನಾಲ್ಕೂವರೆಗೆ ಚಕ್ರ ಕೂತಿತು. ಮೇಷ್ಟ್ರು ಒಳಗೆ ಹೋಗಿ, ನೀಲಿ ಕೋಟು ಬಿಚ್ಚಿ, ನಿವೃತ್ತಿಯ ದಿನ ತೊಟ್ಟಿದ್ದ ಕಂದು ಸೂಟು ಹಾಕಿ, ಹ್ಯಾಟು ಇಟ್ಟುಕೊಂಡು ಬಂದರು. ಅಷ್ಟರಲ್ಲಿ ಗೇಟಿನಾಚೆಯಿಂದ ಎಳೆಯುವ ಲಾರಿಯ ಹಾರನ್ನು ಕೇಳಿಸಿತು. ಮೇಡಂ ಅದನ್ನು ಮೊದಲೇ ಕರೆಸಿಟ್ಟಿದ್ದರು.

"ಕಾಯ್ಲಿ ಅವನು," ಎಂದರು ಮೇಷ್ಟ್ರು. "ಖಾಲಿ ಕೈಲಿ ಹೋಗೋಕೂ ಅಭ್ಯಾಸ ಆಗ್ಲಿ."

ಪ್ಯೂಜೊ ಗ್ಯಾರೇಜಿನಿಂದ ಹೊರಬಂತು. ಚಕ್ರದಲ್ಲಿ ಚಕಾರವಿಲ್ಲ. ಮೇಷ್ಟ್ರು ನೇರವಾಗಿ ಗೇಟಿಗೆ ಹೋಗಬಹುದಿತ್ತು, ಹೋಗಲಿಲ್ಲ. ಎಂಟು ವರ್ಷ ನಕ್ಕವರ ಮನೆಗಳ ಮುಂದೆಲ್ಲ ಹಾದು ಬಡಾವಣೆಗೆ ಒಂದು ಸುತ್ತು ಹಾಕಿದರು. ಹೆಂಗಸರು ಬಾಗಿಲಿಗೆ ಬಂದು ಸಂತೋಷದಿಂದ ನಾಲಿಗೆ ಆಡಿಸಿ ಮದುವೆಯ ಕೂಗು ಹಾಕಿದರು. ಹಿಂದಿನ ಕಿಟಕಿಯಲ್ಲಿ ಕೋಳಿ ಮಂತ್ರಿಯ ಹೆಂಡತಿಯಂತೆ ಅತ್ತಿತ್ತ ನೋಡುತ್ತ ಕುಳಿತಿತ್ತು. ಹದಿನೆಂಟನೇ ಮನೆಯ ಮುಂದೆ ಮೇಷ್ಟ್ರು ಬೇಕೆಂದೇ ನಿಲ್ಲಿಸಿ ಎರಡು ಸಲ ಹಾರನ್ನು ಒತ್ತಿ ಮುಂದೆ ಹೋದರು.

ನಾಲ್ಕು ಐವತ್ತೇಳಕ್ಕೆ ಗೇಟಿನ ಮುಂದೆ ನಿಂತರು. ಅಲ್ಲಿ ಜೆಬೆಟ್ ಮೇಡಂ ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ರಿಜಿಸ್ಟರು ಹಿಡಿದು ನಿಂತಿದ್ದರು. ಹಿಂದೆ ಇಡೀ ಬಡಾವಣೆ.

"ತೆಗೀರಿ ಗೇಟು!" ಎಂದರು ಮೇಷ್ಟ್ರು ಕಿಟಕಿಯಿಂದ ಮೊಳಕೈ ಹೊರಗಿಟ್ಟು.

ಮೇಡಮ್ಮಿನ ಮುಖ ಸಪ್ಪಗಾಗಿತ್ತು. ಆದರೂ ನ್ಯಾಯ ನ್ಯಾಯವೇ. "ಮಕೋಖ, ತೆಗಿ."

ಮಕೋಖ ತನ್ನ ಬೆರಳನ್ನು ಒಮ್ಮೆ ನೋಡಿಕೊಂಡ. ಗೇಟಿಗೆ ಇಟ್ಟು ತಳ್ಳಿದ. ಗೇಟು ಅಲುಗಲಿಲ್ಲ. ಎರಡೂ ಕೈ ಇಟ್ಟ. ಕಿಮಾನಿ ಬಂದು ಭುಜ ಕೊಟ್ಟ. ಮತ್ತೆ ನಾಲ್ಕು ಜನ ಬಂದರು. ಗೇಟು ಒಳಗಿನಿಂದ ಒಂದು ದೊಡ್ಡ ನರಳಿಕೆ ನರಳಿ ಅಲ್ಲೇ ನಿಂತಿತು.

"ಏನಾಯ್ತು ಇದಕ್ಕೆ?" ಎಂದರು ಮೇಡಂ.

"ಚಕ್ರ ಇಲ್ಲ ಮೇಡಂ," ಎಂದ ಮಕೋಖ.

"ಚಕ್ರ ಎಲ್ಲಿ ಹೋಯ್ತು?"

ಮಕೋಖ ಮೆಲ್ಲಗೆ ಪ್ಯೂಜೊ ಕಾರಿನ ಎಡಗಡೆಯ ಮುಂದಿನ ಚಕ್ರದ ಕಡೆ ಬೆರಳು ತೋರಿಸಿದ.

ಎಲ್ಲರ ತಲೆಯೂ ಆ ಕಡೆ ತಿರುಗಿತು. ಎಂಜಿನ್ನು ಮಾತ್ರ ತನ್ನ ಪಾಡಿಗೆ ಗುನುಗುತ್ತಿತ್ತು.

"ನೀವೇ ತಾನೆ ಮೇಷ್ಟ್ರೇ ಎರಡು ವರ್ಷದ ಹಿಂದೆ ಆ ಬೇರಿಂಗನ್ನ ನಿಮ್ಮ ಡಬ್ಬಿಯಿಂದ ತೆಗೆದು ಗೇಟಿಗೆ ಚಕ್ರ ಮಾಡಿ ಹಾಕಿದ್ದು?" ಎಂದ ಮಕೋಖ. "ಪ್ರತಿ ಸಭೇಲೂ ಹೇಳ್ತೀರಿ, ಈ ಗೇಟು ಓಡ್ತಿರೋದೇ ನನ್ನ ಗ್ಯಾರೇಜಿಂದ ಅಂತ. ನಿಮ್ದನ್ನ ನಿಮಗೆ ತಂದು ಕೊಟ್ಟೆ. ಎಲ್ಲಿಂದು ಅಂತ ಹೇಳೋಕೆ ಮೂರು ಸಲ ಬಂದೆ. ಕಿವಿಗೆ ಹಾಕ್ಬೇಡ ಅಂದ್ರಿ."

"ನಿನಗೆ ಬುದ್ಧಿ ಬೇಡ್ವೇನಯ್ಯ?" ಎಂದು ಮೇಡಂ ಕಿರುಚಿದರು. "ಗೇಟಿನ ಚಕ್ರ ಬಿಚ್ಚಿ ಕೊಡೋದಾ?"

"ಐದು ಗಂಟೆವರೆಗೂ ಗೇಟು ತೆಗೀಬೇಡ ಅಂದ್ರಿ ಮೇಡಂ. ತೆಗೆಯದ ಗೇಟಿಗೆ ಚಕ್ರ ಯಾಕೆ? ಅವರು ಬೇರಿಂಗು ತಾ ಅಂದ್ರು, ನೀವು ಗೇಟು ತೆಗೀಬೇಡ ಅಂದ್ರಿ. ನಾನು ಇಬ್ಬರ ಮಾತೂ ನಡೆಸಿದೆ." ಆಮೇಲೆ, ತನ್ನ ಜವಾಬ್ದಾರಿಯ ಬಗ್ಗೆ ಯಾರೂ ಸಂಶಯಪಡಬಾರದೆಂದು ಸೇರಿಸಿದ: "ಗೇಟು ಬೀಳದ ಹಾಗೆ ಕೆಳಗೆ ಇಟ್ಟಿಗೆ ಇಟ್ಟಿದ್ದೀನಿ."

ಮೇಷ್ಟ್ರು ಕಿಟಕಿಯಿಂದ ಬಗ್ಗಿ ಚಕ್ರವನ್ನು ಒಮ್ಮೆ ನೋಡಿದರು. ಆದರೂ ಹ್ಯಾಟು ಸರಿಮಾಡಿಕೊಂಡರು. "ನನ್ನ ಕಾರು ಬಂದಿದೆ. ಎಂಜಿನ್ ಓಡ್ತಿದೆ. ಗಂಟೆ ಇನ್ನೂ ಐದಾಗಿಲ್ಲ. ನಿಮ್ಮ ಗೇಟು ತೆಗೆಯೋಕೆ ಬರಲ್ಲ ಅಂದ್ರೆ ಸೋತೋರು ಯಾರು? ನಾನು ಇಲ್ಲಿಂದ ಇಳಿಯಲ್ಲ. ಮಾಮಾ ನ್ಯೊಕಾಬಿ, ಚಹಾ ತಾ!"

ಜನಕ್ಕೆ ಇದು ನ್ಯಾಯವಾಗಿ ಕಂಡಿತು. ವಂಗುಯಿ ಫ್ಲಾಸ್ಕಿನಲ್ಲಿ ಚಹಾ ತಂದು ಪಕ್ಕದ ಸೀಟಿನಲ್ಲಿ ಇಟ್ಟು, ಮೇಡಮ್ಮನ್ನು ಗೆದ್ದವರ ನೋಟದಲ್ಲಿ ನೋಡಿದರು. ಮೇಡಂ ಪೆನ್ನನ್ನು ಕಚ್ಚತೊಡಗಿದರು. ರಿಜಿಸ್ಟರಿನಲ್ಲಿ ಇಂಥದ್ದಕ್ಕೆ ಕಾಲಮ್ಮೇ ಇರಲಿಲ್ಲ.

ಐದು ಗಂಟೆ ದಾಟಿತು. ಕೆಲಸದಿಂದ ಮರಳಿದವರ ಕಾರುಗಳು ಗೇಟಿನಾಚೆ ರಸ್ತೆಯವರೆಗೆ ಸಾಲು ನಿಂತು ಒಟ್ಟಿಗೇ ಹಾರನ್ನು ಊದಿದವು. ಎಲ್ಲಕ್ಕಿಂತ ಮುಂದೆ ಎಳೆಯುವ ಲಾರಿ. ಅದರ ಚಾಲಕ, ಭಾರೀ ಹೊಟ್ಟೆಯವನು, ಚಿಕ್ಕ ಬಾಗಿಲಿನಲ್ಲಿ ಅಡ್ಡಡ್ಡ ತೂರಿ ಒಳಬಂದು ಗೇಟನ್ನು ಬೂಟಿನಿಂದ ಒದ್ದ.

"ಮೇಡಂ, ಇದರಲ್ಲಿ ಜೀವ ಇಲ್ಲ. ಸತ್ತ ಗೇಟು. ಗುಜರಿ. ಸರಪಳಿ ಹಾಕಿ ಒಂದು ಸಲ ಎಳೀತೀನಿ, ಕಿತ್ಕೊಂಡು ಬರುತ್ತೆ, ಬಿಸಾಕಿ."

ಚಹಾ ಹೀರುತ್ತಿದ್ದ ಮೇಷ್ಟ್ರು ಲೋಟ ಇಟ್ಟರು.

"ಏನಂದೆ?"

"ಸತ್ತ ಗೇಟು ಅಂದೆ ಯಜಮಾನ್ರೇ."

ಮೇಷ್ಟ್ರು ಕಾರಿನಿಂದ ಇಳಿದರು. ಇಳಿಯಲ್ಲ ಎಂದು ಹೇಳಿ ಹತ್ತು ನಿಮಿಷವೂ ಆಗಿರಲಿಲ್ಲ. ಕೋಟು ಬಿಚ್ಚಿ ಕಿಮಾನಿಯ ಕೈಗೆ ಕೊಟ್ಟು, ತೋಳು ಮಡಚಿದರು.

"ಇದನ್ನ ಕಟ್ಟಿ ನಿಲ್ಲಿಸಿದ್ದು ನಾನು. ಸತ್ತಿದೆ ಅಂತೀಯಾ? ಎಲ್ಲಿ ಸತ್ತಿದೆ, ತೋರಿಸು! 'ಬಿಸಾಕಿ' ಅನ್ನೋದು ಕಲಿಸೋಕೆ ಮೇಷ್ಟ್ರು ಬೇಕಿಲ್ಲ, ಯಾವ ಕತ್ತೆಗೂ ಬರುತ್ತೆ! ಎಲ್ಲ ಹತ್ತಿರ ಬನ್ನಿ. ಹಿಂದಿನೋರಿಗೆ ಕಾಣಿಸ್ತಿದೆಯಾ? ಮಕೋಖ, ಜಾಕ್!"

ಮೂವತ್ತು ವರ್ಷದ ಮೇಷ್ಟ್ರು ಮತ್ತೆ ತರಗತಿಯಲ್ಲಿದ್ದರು. ಎಂಜಿನ್ನು ಓಡುತ್ತಿದ್ದಂತೆಯೇ ಕಾರಿನ ಮುಂಭಾಗ ಎತ್ತಿ ಚಕ್ರ ಬಿಚ್ಚಿದರು. "ಗ್ರೀಸು ಹೊಸದಿದ್ರೆ ಬೇರಿಂಗು ಹಟ ಮಾಡಲ್ಲ, ನೋಡಿ, ಹೀಗೆ ಬರುತ್ತೆ." ಬಂತು. ಈ ಸಲ ನಿಯಮದ ಪ್ರಕಾರ ಬಟ್ಟೆ ತೆಗೆದುಕೊಂಡು ಒರೆಸಿದರು. ಕಪ್ಪು ಗ್ರೀಸಿನಡಿಯಿಂದ ಮೂರು ಚುಕ್ಕೆಗಳು ಹೊರಬಂದು ಅವರನ್ನು ನೋಡಿ ಹಲ್ಲು ಕಿರಿದವು.

"ಒರೆಸು," ಎಂದರು ಮೇಷ್ಟ್ರು, ಸ್ವಲ್ಪ ತಗ್ಗಿದ ದನಿಯಲ್ಲಿ. "ನೋಡು. ಆಮೇಲೆ ಹಾಕು. ಬರ್ಕೊಳ್ಳಿ ಎಲ್ಲರೂ." ಜೆಬೆಟ್ ಮೇಡಂ ಅಭ್ಯಾಸಬಲದಿಂದ ಬರೆದುಕೊಂಡರು.

ಗೇಟಿಗೆ ಲಾರಿಯವನ ಜಾಕು ಕೊಟ್ಟರು. ಇಟ್ಟಿಗೆ ತೆಗೆದರು. ಬೇರಿಂಗನ್ನು ಹಳೆಯ ಜಾಗಕ್ಕೆ ಕೂರಿಸಿ, ಹಳಿಯ ಮಣ್ಣು ಊದಿ, ಸುತ್ತಿಗೆಯಿಂದ ಎರಡು ಸಲ ಮೆಲ್ಲಗೆ ತಟ್ಟಿದರು. ಕೆಲಸ ನಡೆದಷ್ಟೂ ಹೊತ್ತು ಹಾರನ್ನು ಊದುತ್ತಿದ್ದವರೂ ಕಾರು ಇಳಿದು ಬಂದು ಸರಳುಗಳ ಸಂದಿಯಿಂದ ಬಾಯಿ ಬಿಟ್ಟು ನೋಡುತ್ತಿದ್ದರು. ಲಾರಿಯವನಂತೂ "ಒಹೋ, ಅಲ್ಲಿ ಹಾಗಾ!" ಎಂದು ನಡುನಡುವೆ ತಲೆದೂಗುತ್ತಿದ್ದ.

ಮೇಷ್ಟ್ರು ಎದ್ದು ನಿಂತು, ಕೈ ಒರೆಸಿ, ತೋರುಬೆರಳೊಂದನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿದರು. ಗೇಟಿಗೆ ಮುಟ್ಟಿಸಿದರು.

ಗೇಟು ಹಂಸದಂತೆ ತೇಲಿ ಪಕ್ಕಕ್ಕೆ ಹೋಯಿತು.

ಒಳಗಿನವರು ಹೊರಗಿನವರು ಸೇರಿ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಹ್ಯಾಟು ತೆಗೆದು ಬಗ್ಗಿದರು. "ಇನ್ನೊಂದ್ಸಲ ಹೇಳ್ತೀನಿ, ಯಂತ್ರ ಅನ್ನೋದು..." ಎಂದು ಶುರುಮಾಡಿದವರು, ಎದುರಿಗೆ ಏನೋ ದೊಡ್ಡದು ಬರುತ್ತಿದೆ ಎಂದು ಪಕ್ಕಕ್ಕೆ ಸರಿದರು. ತೆರೆದ ಗೇಟಿನಿಂದ ಮೊಟ್ಟಮೊದಲು ಒಳಬಂದದ್ದು ಎಳೆಯುವ ಲಾರಿ.

ಅದು ಮೂರು ಚಕ್ರದ ಮೇಲೆ ಜಾಕಿಗೆ ಒರಗಿ ಗುನುಗುತ್ತಿದ್ದ ಪ್ಯೂಜೊದ ಮುಂದೆ ಹಿಂದುಮುಂದಾಗಿ ನಿಂತಿತು. ಚಪ್ಪಾಳೆ ಒಂದೊಂದಾಗಿ ನಿಂತಿತು. ಮೇಷ್ಟ್ರು ಗೇಟನ್ನು ನೋಡಿದರು, ಕಾರನ್ನು ನೋಡಿದರು, ಇನ್ನೂ ಮೇಲಕ್ಕೆತ್ತಿಯೇ ಇದ್ದ ತಮ್ಮ ಬೆರಳನ್ನು ನೋಡಿದರು.

"ಐದು ನಲವತ್ತು," ಎಂದರು ಜೆಬೆಟ್ ಮೇಡಂ. ಅವರ ದನಿಯಲ್ಲಿ ಗೆದ್ದ ಸಂತೋಷ ಅಷ್ಟಾಗಿ ಇರಲಿಲ್ಲ. "ನೋಟೀಸು ನೋಟೀಸೇ ಮೇಷ್ಟ್ರೇ."

ಮೇಷ್ಟ್ರು ಬೆರಳು ಇಳಿಸಿದರು. ಕಿಮಾನಿಯ ಕೈಯಿಂದ ಕೋಟು ಇಸಿದುಕೊಂಡು ತೊಟ್ಟು, ಗುಂಡಿಗಳನ್ನೆಲ್ಲ ಹಾಕಿ, ಕಾರು ಹತ್ತಿ ಸ್ಟಿಯರಿಂಗ್ ಹಿಡಿದು ಕೂತರು. ಲಾರಿಯವನು ಕೊಕ್ಕೆ ಹಾಕಿದ. ಕಾರಿನ ಮೂಗು ನಿಧಾನವಾಗಿ ಆಕಾಶಕ್ಕೆ ಏರಿತು.

"ಯಜಮಾನ್ರೇ, ಇಳೀರಿ."

"ಗುಜರಿ ಅಂಗಳದಲ್ಲೂ ಇದು ನನ್ನ ಕಾರೇ. ಒಬ್ಬಳನ್ನೇ ಕಳಿಸಲ್ಲ. ನಡಿ."

"ಎಂಜಿನ್ನಾದ್ರೂ ನಿಲ್ಲಿಸಿ!"

"ನಿಲ್ಲಿಸೋಕೆ ಎಂಟು ವರ್ಷ ಕಷ್ಟಪಟ್ನೇನಯ್ಯ? ನಡಿ ಅಂದೆ!"

ಲಾರಿ ಹೊರಟಿತು. ಪ್ಯೂಜೊ ಮೂಗು ಮೇಲೆತ್ತಿಕೊಂಡು, ಹೊಗೆ ಬಿಡುತ್ತ, ಹಿಂದಿನ ಎರಡು ಚಕ್ರದ ಮೇಲೆ ಗೇಟಿನ ಕಡೆ ನಡೆಯಿತು. ಸರಿಯಾಗಿ ಹಳಿಯ ಮೇಲೆ ಬಂದಾಗ ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿ, ಬಡಾವಣೆಯ ಕೊನೆಯ ಮನೆಗೂ ಕೇಳುವಂತೆ ಕೂಗಿದರು:

"ಎಂಜಿನ್ ಓಡ್ತಿದೆ, ಗೇಟು ದಾಟ್ತಿದೆ! ಬರ್ಕೊಳ್ಳಿ ಮೇಡಂ!"

ಜೆಬೆಟ್ ಮೇಡಂ ಬರೆದುಕೊಂಡರು. ಕಂಡದ್ದನ್ನು ಬರೆಯದೆ ಬಿಡುವ ಹೆಂಗಸಲ್ಲ ಅವರು. 'ಐದು ಐವತ್ತೆರಡು. ವಾಹನ ಹೊರಗೆ. ಎಂಜಿನ್ನು: ಓಡುತ್ತಿದೆ. ಒಳಗೆ: ಮಾಲೀಕ ಒಬ್ಬ, ಫ್ಲಾಸ್ಕು ಒಂದು, ಕೋಳಿ ಒಂದು, ಮೊಟ್ಟೆ ಒಂಬತ್ತು.'

"ಅಯ್ಯೋ, ನನ್ನ ಕೋಳಿ!" ಎಂದು ವಂಗುಯಿ ಹಿಂದಿನಿಂದ ಓಡಿದರು.

ಮಕೋಖ ಅವರು ದಾಟುವವರೆಗೆ ಕಾದು, ಒಂದೇ ಬೆರಳಿನಲ್ಲಿ ಗೇಟು ಮುಚ್ಚಿದ. ಸದ್ದೇ ಆಗಲಿಲ್ಲ.